ಒಂದು ಓವರ್ ನೋಡಿ ಬೌಲರ್‌ನ ಕೈಬಿಡಬೇಡಿ

ಟೂರ್ನಮೆಂಟ್ ಸೋತ ರಾತ್ರಿ ನಮ್ಮ ಕಡೆಯ ವಾಟ್ಸ್ಆ್ಯಪ್ ಗ್ರೂಪುಗಳಲ್ಲಿ ಒಂದೇ ಮಾತು: "ಅವನ ಕೈಯಾಗ ಲಾಸ್ಟ್ ಓವರ್ ಕೊಟ್ಟಿದ್ದೇ ತಪ್ಪು. ಮುಂದಿನ ವರ್ಷ ಅವ ಬ್ಯಾಡ." ಯಾದಗಿರಿ ಇರಲಿ, ಶಹಾಪುರ ಇರಲಿ, ಸುರಪುರ ಇರಲಿ, ಪಟ್ಟಿಯಿಂದ ಮೊದಲು ಹೊಡೆದುಹಾಕುವ ಹೆಸರು ಕೊನೆಯ ಓವರ್ ಹಾಕಿದ ಹುಡುಗನದು. ಸೊನ್ನೆಗೆ ಔಟಾದವರ, ಕ್ಯಾಚ್ ಬಿಟ್ಟವರ ಹೆಸರನ್ನು ಯಾರೂ ಎತ್ತುವುದಿಲ್ಲ.

ಮುಂದಿನ ಸೀಸನ್‌ಗೆ ತಂಡ ಕಟ್ಟಲು ಕೂತವರಿಗೆ ನಾವು ಹೇಳುವುದು ಇಷ್ಟೆ: ಒಂದು ಓವರ್ ನೋಡಿ ತೀರ್ಮಾನ ಮಾಡಬೇಡಿ.

ನಾವೆಲ್ಲ ಟಿವಿಯಲ್ಲಿ, ಮೊಬೈಲಿನಲ್ಲಿ ನೋಡಿದ ಆರ್‌ಸಿಬಿಯನ್ನೇ ತಗೊಳ್ಳಿ. 2021ರ ಏಪ್ರಿಲ್ 25ರಂದು ಚೆನ್ನೈ ವಿರುದ್ಧ ಹರ್ಷಲ್ ಪಟೇಲ್ ಮೊದಲ ಮೂರು ಓವರಿನಲ್ಲಿ 14 ರನ್ ಕೊಟ್ಟು 3 ವಿಕೆಟ್ ತೆಗೆದಿದ್ದರು. ಇನ್ನಿಂಗ್ಸ್‌ನ ಕೊನೆಯ ಓವರಿನಲ್ಲಿ ರವೀಂದ್ರ ಜಡೇಜ ಹೊಡೆದ ಹೊಡೆತಕ್ಕೆ 37 ರನ್ ಹೋದವು. ನಮ್ಮೂರಿನ ತಂಡವಾಗಿದ್ದರೆ ಹರ್ಷಲ್ ಕಥೆ ಅವತ್ತೇ ಮುಗಿಯುತ್ತಿತ್ತು. ಆರ್‌ಸಿಬಿ ಅವರಿಗೆ ಮತ್ತೆ ಬಾಲ್ ಕೊಟ್ಟಿತು. ಸೀಸನ್ ಮುಗಿದಾಗ ಅವರ ಹೆಸರಲ್ಲಿ 32 ವಿಕೆಟ್ ಇದ್ದವು, ತಲೆ ಮೇಲೆ ಪರ್ಪಲ್ ಕ್ಯಾಪ್ ಇತ್ತು.

ಮುಂದಿನದನ್ನೂ ಕೇಳಿ. 2022ರ ದೊಡ್ಡ ಹರಾಜಿಗೆ ಮುಂಚೆ ಆರ್‌ಸಿಬಿ ಅವರನ್ನು ಉಳಿಸಿಕೊಳ್ಳಲಿಲ್ಲ. ಹರಾಜಿನಲ್ಲಿ 10.75 ಕೋಟಿ ಕೊಟ್ಟು ಅವರನ್ನೇ ವಾಪಸ್ ತರಬೇಕಾಯಿತು. 2023ರಲ್ಲಿ ರನ್ ಜಾಸ್ತಿ ಹೋದವು ಅಂತ ಮತ್ತೆ ಬಿಟ್ಟರು. ಪಂಜಾಬ್ 11.75 ಕೋಟಿಗೆ ತಗೊಂಡಿತು. 2024ರಲ್ಲಿ 24 ವಿಕೆಟ್ ತೆಗೆದು ಎರಡನೇ ಸಲ ಪರ್ಪಲ್ ಕ್ಯಾಪ್ ಹಾಕಿಕೊಂಡರು. ನಾವು ಬಿಟ್ಟವನು ಪಕ್ಕದ ಊರಿನ ತಂಡಕ್ಕೆ ಹೋಗಿ ನಮ್ಮನ್ನೇ ಸೋಲಿಸಿದ ಹಾಗೆ.

ಬರೀ ರನ್ ಲೆಕ್ಕ ನೋಡಿದರೆ ಮೋಸ ಹೋಗುತ್ತೇವೆ. 2025ರ ಜೂನ್ 3ರ ಫೈನಲ್‌ನಲ್ಲಿ ಹೇಜಲ್‌ವುಡ್ ಕೊನೆಯ ಓವರಿಗೆ 22 ರನ್ ಕೊಟ್ಟರು. ಆದರೂ ಕಪ್ ನಮ್ಮದಾಯಿತು. ಪಂಜಾಬಿಗೆ ಆಗ ಬೇಕಾಗಿದ್ದದ್ದು 29. ಅಷ್ಟು ರನ್ ಉಳಿಯುವ ಹಾಗೆ ಮಾಡಿದವರು ಅದಕ್ಕೂ ಮುಂಚೆ ಬೌಲ್ ಮಾಡಿದ ಕೃಣಾಲ್ ಮತ್ತು ಭುವನೇಶ್ವರ್. ಹಾಗಿದ್ದ ಮೇಲೆ 5 ರನ್ ಉಳಿದಾಗ ಬಾಲ್ ಕೈಗೆ ಕೊಟ್ಟು, ಸೋತದ್ದಕ್ಕೆ ಆ ಹುಡುಗನನ್ನೇ ಬೈಯುವುದು ಯಾವ ನ್ಯಾಯ?

ಅಮೆರಿಕದ ಬೇಸ್‌ಬಾಲ್‌ನಲ್ಲಿ ಕೊನೆಗೆ ಬಂದು ಎಸೆಯುವುದಕ್ಕೆಂದೇ ಬೇರೆ ಆಟಗಾರರಿರುತ್ತಾರೆ. ನ್ಯೂಯಾರ್ಕ್ ಯಾಂಕೀಸ್ ತಂಡದ ಮರಿಯಾನೊ ರಿವೆರಾ ಅಂಥವರಲ್ಲಿ ಒಬ್ಬರು. 2001ರ ವರ್ಲ್ಡ್ ಸೀರೀಸ್‌ನ ಕೊನೆಯ ಪಂದ್ಯ ಅವರ ಕೈಯಲ್ಲೇ ಸೋತುಹೋಯಿತು. ತಂಡ ಅವರನ್ನು ಬಿಡಲಿಲ್ಲ. 2009ರಲ್ಲಿ ಯಾಂಕೀಸ್ ಮತ್ತೆ ಕಪ್ ಗೆದ್ದಾಗ ಕೊನೆಗೆ ಎಸೆಯುತ್ತಿದ್ದವರು ಅವರೇ.

ಹಾಗಾದರೆ ಯಾರನ್ನು ಉಳಿಸಿಕೊಳ್ಳಬೇಕು? ಒಂದು ನೋಟ್‌ಬುಕ್ ಇಡಿ. ಬಾಲ್ ಕೈಗೆ ಬಂದಾಗ ಎದುರಾಳಿಗೆ ಎಷ್ಟು ಬೇಕಿತ್ತು, ಎಷ್ಟು ಕೊಟ್ಟ, ವೈಡ್ ಎಷ್ಟು, ನೋ ಬಾಲ್ ಎಷ್ಟು, ಕ್ಯಾಚ್ ಬಿಟ್ಟದ್ದು ಎಷ್ಟು ಅಂತ ಬರೆಯಿರಿ. ಹತ್ತು ಮ್ಯಾಚ್ ಆದ ಮೇಲೆ ಆ ಪುಟವೇ ಹೇಳುತ್ತದೆ. ಒಳ್ಳೆಯ ಬಾಲಿಗೆ ಸಿಕ್ಸ್ ಹೊಡೆಸಿಕೊಂಡವನು ಬೇರೆ, ಪ್ರತಿ ಮ್ಯಾಚಿನಲ್ಲೂ ಎರಡೆರಡು ವೈಡ್ ಹಾಕುವವನು ಬೇರೆ. ಸೋತ ಮರುದಿನ ಬೆಳಿಗ್ಗೆ ಒಂದೇ ಸ್ಟಂಪ್ ನೆಟ್ಟು ಯಾರ್ಕರ್ ಹಾಕಲು ಬಂದವನನ್ನು ಕಣ್ಣು ಮುಚ್ಚಿ ಉಳಿಸಿಕೊಳ್ಳಿ.

ಬಿಡಬೇಕಾದವರೂ ಇರುತ್ತಾರೆ, ಇಲ್ಲ ಅನ್ನುವುದಿಲ್ಲ. ಅದನ್ನು ಗ್ರೂಪಿನಲ್ಲಿ ಹಾಕಿ ಮರ್ಯಾದೆ ಕಳೆಯಬೇಡಿ. ಕಟ್ಟೆ ಮೇಲೆ ಕೂಡಿಸಿಕೊಂಡು ಕಾರಣ ಹೇಳಿ.

ಇನ್ನೊಂದು ಮಾತು. ಮನೆಮನೆಗೆ ಪಟ್ಟಿ ಎತ್ತಿ ಕೂಡಿಸಿದ ದುಡ್ಡನ್ನು ಹೊರಗಿನ ಗೆಸ್ಟ್ ಬೌಲರ್‌ಗೆ ಕೊಡುವ ರೂಢಿ ಜಾಸ್ತಿಯಾಗಿದೆ. ಕರೆಸುವುದಾದರೆ ಕರೆಸಿ, ಆದರೆ ಕೊನೆಯ ಎರಡು ಓವರಿನಲ್ಲಿ ಒಂದಾದರೂ ನಮ್ಮೂರ ಹುಡುಗನಿಗೆ ಇರಲಿ. ಪಕ್ಕದ ರಾಯಚೂರಿನ ಮನೋಜ್ ಭಾಂಡಗೆ 2023ರಲ್ಲಿ ಆರ್‌ಸಿಬಿ ತಂಡ ಸೇರಿದರು. ಅಷ್ಟು ದೂರ ಎಲ್ಲರೂ ಹೋಗುವುದಿಲ್ಲ, ನಿಜ. ಆದರೆ ಹತ್ತಿ ಬಿಡಿಸಿ, ಭತ್ತ ಹೊತ್ತು, ಸಂಜೆ ಉಳಿದ ಒಂದು ತಾಸಿನಲ್ಲಿ ಬೌಲಿಂಗ್ ಕಲಿತ ಹುಡುಗ ಒಂದು ಬೈಗುಳಕ್ಕೆ ಬಾಲ್ ಕೆಳಗಿಟ್ಟರೆ, ಅವನನ್ನು ಮತ್ತೆ ಕೊಂಡು ತರಲು ನಮ್ಮ ಹತ್ತಿರ ಹರಾಜೂ ಇಲ್ಲ, ಕೋಟಿಯೂ ಇಲ್ಲ.