ಅಜ್ಜಿಗೆ ಚಪ್ಪಾಳೆ, ಅಮ್ಮನಿಗೆ ಬೈಗುಳ

‘ಹ್ಯಾಲೋವೀನ್‌ಟೌನ್’ ಸಿನಿಮಾದ ಖಳನಾಯಕ ಕಾಲಬಾರ್ ಎಂಬ ಮೇಯರ್. ಆದರೆ ಅದನ್ನು ನೋಡುತ್ತಾ ಬೆಳೆದ ಅಮೆರಿಕದ ಮಕ್ಕಳನ್ನು ಕೇಳಿದರೆ, ಸಿಟ್ಟೆಲ್ಲ ಇರುವುದು ಗ್ವೆನ್ ಮೇಲೆ. ಗ್ವೆನ್ ಅಂದರೆ ಮೂರು ಮಕ್ಕಳ ತಾಯಿ. ಹಬ್ಬದ ದಿನ ಮಕ್ಕಳನ್ನು ಮನೆಯಿಂದಾಚೆ ಬಿಡದವಳು. ನನ್ನ ಮಗಳಿಗೂ ಅವಳನ್ನು ಕಂಡರೆ ಆಗುತ್ತಿರಲಿಲ್ಲ. ಮಗಳಿಗೀಗ ಮೂವತ್ತು ದಾಟಿದೆ, ಅಭಿಪ್ರಾಯ ಕದಲಿಲ್ಲ. ಮೊನ್ನೆ ಅವಳ ಜೊತೆ ಕೂತು ಸಿನಿಮಾವನ್ನು ಮತ್ತೆ ನೋಡಿದೆ. ಗ್ವೆನ್‌ಗೆ ಆಗಿರುವುದು ಅನ್ಯಾಯ ಎಂದು ಯಾರಾದರೂ ಬರೆಯಲೇಬೇಕು ಅನ್ನಿಸಿತು.

ಗೊತ್ತಿಲ್ಲದವರಿಗಾಗಿ ಸ್ವಲ್ಪ ಕಥೆ. ಇದು ಥಿಯೇಟರಿಗೆ ಬಂದ ಸಿನಿಮಾ ಅಲ್ಲ. ಡಿಸ್ನಿ ಚಾನೆಲ್ ಟಿವಿಗೆಂದೇ ಮಾಡಿಸಿ 1998ರ ಅಕ್ಟೋಬರ್ 17ರಂದು ತೋರಿಸಿದ್ದು. ಮಾರ್ನಿಗೆ ಹದಿಮೂರು ವರ್ಷ. ಅಕ್ಟೋಬರ್ 31ರ ಹ್ಯಾಲೋವೀನ್ ರಾತ್ರಿ, ಊರ ಮಕ್ಕಳೆಲ್ಲ ದೆವ್ವದ ವೇಷ ಹಾಕಿ ಮನೆಮನೆಗೆ ಚಾಕೊಲೇಟ್ ಕೇಳಲು ಹೊರಟರೆ ಇವಳು ಮನೆಯೊಳಗೆ. ವರ್ಷಕ್ಕೊಮ್ಮೆ ಅದೇ ರಾತ್ರಿ ಆ್ಯಗಿ ಎಂಬ ಅಜ್ಜಿ ಬರುತ್ತಾಳೆ, ಚೀಲದ ತುಂಬ ಹಬ್ಬದ ಸಾಮಾನು ಹೊತ್ತು. ಅಡುಗೆಮನೆಯಲ್ಲಿ ಅಜ್ಜಿಗೂ ಅಮ್ಮನಿಗೂ ನಡೆದ ಜಗಳ ಮಾರ್ನಿಯ ಕಿವಿಗೆ ಬೀಳುತ್ತದೆ. ಅಜ್ಜಿ ಮಾಟಗಾತಿ, ಅಮ್ಮನೂ ಮಾಟಗಾತಿ, ಈ ರಾತ್ರಿಯೊಳಗೆ ಕಲಿಕೆ ಶುರುವಾಗದಿದ್ದರೆ ಮಾರ್ನಿಯ ಶಕ್ತಿ ಕೈಬಿಟ್ಟು ಹೋಗುತ್ತದೆ. ಅಜ್ಜಿ ಹತ್ತಿದ ಬಸ್ಸನ್ನು ಮಕ್ಕಳೂ ಕದ್ದು ಹತ್ತುತ್ತಾರೆ. ಅದು ಹೋಗಿ ಇಳಿಯುವುದು ದೆವ್ವ, ಕುಬ್ಜ, ತೋಳಮನುಷ್ಯರೆಲ್ಲ ಸಂಸಾರ ಹೂಡಿರುವ ಊರಿನಲ್ಲಿ.

ಆ ಊರೇ ಸಿನಿಮಾದ ಜೀವ. ದುಡ್ಡು ಕಡಿಮೆ ಇತ್ತೆನ್ನುವುದು ಪ್ರತಿ ದೃಶ್ಯದಲ್ಲೂ ಕಾಣುತ್ತದೆ. ಮುಖವಾಡದ ರಬ್ಬರು ಕತ್ತಿನ ಹತ್ತಿರ ಎಲ್ಲಿ ಮುಗಿಯುತ್ತದೆಂದು ಬೆರಳಿಟ್ಟು ತೋರಿಸಬಹುದು. ಟ್ಯಾಕ್ಸಿ ಓಡಿಸುವ ಬೆನ್ನಿ ಬರೀ ಅಸ್ಥಿಪಂಜರ, ಅವನ ಜೋಕುಗಳೂ ಅಷ್ಟೇ ಒಣಕಲು. ಮಂತ್ರದ ಪಾಕಕ್ಕೆ ತೋಳಮನುಷ್ಯನ ಕೂದಲು, ರಕ್ತಪಿಶಾಚಿಯ ಹಲ್ಲು, ದೆವ್ವದ ಬೆವರು ಬೇಕು. ಮಕ್ಕಳು ಇದಕ್ಕಾಗಿ ಸ್ಮಶಾನಕ್ಕೆ ಹೋಗುವುದಿಲ್ಲ. ಕ್ಷೌರದಂಗಡಿ, ಹಲ್ಲಿನ ಡಾಕ್ಟರು, ಹಬೆಸ್ನಾನದ ಕೋಣೆ ಹೀಗೆ ಸುತ್ತುತ್ತಾರೆ. ದೆವ್ವವೂ ಹಲ್ಲುನೋವಿಗೆ ಸರದಿಯಲ್ಲಿ ಕೂರುತ್ತದೆ ಎನ್ನುವ ಈ ಕಲ್ಪನೆಯ ಮುಂದೆ ಇಂದಿನ ಕೋಟಿಗಟ್ಟಲೆ ಡಾಲರಿನ ಗ್ರಾಫಿಕ್ಸ್ ನನಗೆ ಸಪ್ಪೆ. ನಿರ್ದೇಶಕ ಡುವೇನ್ ಡನ್‌ಹ್ಯಾಮ್ ಹಿಂದೆ ಡೇವಿಡ್ ಲಿಂಚ್ ಅವರ ‘ಬ್ಲೂ ವೆಲ್ವೆಟ್’ ಸಂಕಲಿಸಿದವರು. ಆ ಭಯಂಕರ ಸಿನಿಮಾದಿಂದ ಈ ಮಕ್ಕಳ ಸಿನಿಮಾಗೆ ಹೇಗೆ ಬಂದರೋ, ಒಳ್ಳೆಯದೇ ಆಯಿತು.

ಅಜ್ಜಿಯಾಗಿ ನಟಿಸಿದ್ದು ಡೆಬ್ಬಿ ರೆನಾಲ್ಡ್ಸ್. 1952ರ ‘ಸಿಂಗಿನ್ ಇನ್ ದ ರೇನ್’ನಲ್ಲಿ ಕುಣಿದ ಹುಡುಗಿ. ಇಲ್ಲಿ ಅರವತ್ತಾರರಲ್ಲೂ ಕಣ್ಣಲ್ಲಿ ಅದೇ ತುಂಟತನ. ಅಂಥವರು ಎದುರಿಗಿದ್ದರೆ ಯಾವ ತಾಯಿ ಗೆದ್ದಾಳು? ಗ್ವೆನ್ ಪಾತ್ರದ ಜುಡಿತ್ ಹೋಗ್‌ಗೆ ಬರಹಗಾರರು ಕೊಟ್ಟದ್ದು ಹುಬ್ಬು ಗಂಟಿಕ್ಕುವ ಕೆಲಸ, ‘ಬೇಡ’ ಎನ್ನುವ ಮಾತು. ತಮಾಷೆಯೆಲ್ಲ ಅಜ್ಜಿಯ ಪಾಲು.

ಆದರೆ ಗ್ವೆನ್ ಕಡೆಯಿಂದ ಒಮ್ಮೆ ನೋಡಿ. ಮಾಟದ ಮನೆತನ ಬಿಟ್ಟು ಸಾಧಾರಣ ಮನುಷ್ಯನನ್ನು ಮೆಚ್ಚಿ ಮದುವೆಯಾದಳು. ಗಂಡ ತೀರಿಕೊಂಡ. ಮೂರು ಮಕ್ಕಳನ್ನು ಒಬ್ಬಳೇ ಸಾಕುತ್ತಿದ್ದಾಳೆ. ವರ್ಷವಿಡೀ ಹೋಂವರ್ಕು, ಜ್ವರ, ಊಟ ನೋಡುವವಳು ಇವಳು. ಒಂದು ಸಂಜೆ ಬಂದು ಮಕ್ಕಳ ಮನಸ್ಸು ಗೆದ್ದು ಹೋಗುವವಳು ಅಜ್ಜಿ. ಅಜ್ಜಿ ಬಂದದ್ದಾದರೂ ಬರೀ ಪ್ರೀತಿಗಲ್ಲ. ಆ ಊರಲ್ಲಿ ಏನೋ ಕೆಟ್ಟದ್ದು ತಲೆಯೆತ್ತಿದೆ, ಮಗಳ ಸಹಾಯ ಬೇಕು. ಗ್ವೆನ್ ಒಲ್ಲೆ ಅನ್ನುತ್ತಾಳೆ. ಮಕ್ಕಳಿಗೆ ಅಪಾಯ ಎನ್ನುವುದು ಅವಳ ಭಯ. ಆದದ್ದೂ ಅದೇ! ಮಕ್ಕಳು ಅಲ್ಲಿ ಕಾಲಿಟ್ಟ ಮೇಲೆ ಒಂದು ರಾತ್ರಿ ಕಳೆಯುವುದರೊಳಗೆ ಅಜ್ಜಿ, ಮಕ್ಕಳನ್ನು ಹುಡುಕಿ ಬಂದ ಅಮ್ಮ ಇಬ್ಬರೂ ಪಾಳುಬಿದ್ದ ಚಿತ್ರಮಂದಿರದಲ್ಲಿ ಅಲ್ಲಾಡದೆ ಮರಗಟ್ಟಿ ನಿಂತಿರುತ್ತಾರೆ. ಇಷ್ಟಾದರೂ ಕೊನೆಯಲ್ಲಿ ಬದಲಾಗಬೇಕಾದವಳು ಗ್ವೆನ್ ಮಾತ್ರ. ‘ನೀನು ಹೇಳಿದ್ದು ಸರಿ ಕಣೇ’ ಎಂದು ಅಜ್ಜಿಯ ಬಾಯಲ್ಲಿ ಒಂದು ಮಾತು ಹೇಳಿಸಿದ್ದರೆ ಏನು ಹೋಗುತ್ತಿತ್ತು?

ಆ ಕಾಲದಲ್ಲಿ ನಾವು ಒರೆಗಾನ್‌ನ ಹಿಲ್ಸ್‌ಬರೋದಲ್ಲಿದ್ದೆವು, ಯಜಮಾನರಿಗೆ ಚಿಪ್ ಕಾರ್ಖಾನೆಯಲ್ಲಿ ಕೆಲಸ. ನಮ್ಮ ಮನೆಗೂ ಒಬ್ಬ ಅಜ್ಜಿ ಬರುತ್ತಿದ್ದರು, ತಿಪಟೂರಿನಿಂದ ನಮ್ಮತ್ತೆ. ಹ್ಯಾಲೋವೀನ್‌ಟೌನ್‌ನ ಬಾಗಿಲು ನಡುರಾತ್ರಿಗೆ ಮುಚ್ಚುತ್ತದೆ; ನಮ್ಮತ್ತೆಗೆ ವಿಮಾನ ನಿಲ್ದಾಣದಲ್ಲಿ ಒತ್ತಿಕೊಟ್ಟ ಆರು ತಿಂಗಳ ಮುದ್ರೆ. ಸೂಟ್‌ಕೇಸ್ ಬಿಚ್ಚಿದರೆ ಚಟ್ನಿಪುಡಿ, ಸಂಡಿಗೆ. ರಾತ್ರಿಯಾದರೆ ಮೊಮ್ಮಗಳಿಗೆ ಮೋಹಿನಿ ಕಥೆ. ತೊಂಬತ್ತರ ದಶಕದಲ್ಲಿ ಬೆಂಗಳೂರಿನ ಬಾಗಿಲುಗಳ ಮೇಲೆ ಸುಣ್ಣದಲ್ಲಿ ‘ನಾಳೆ ಬಾ’ ಎಂದು ಬರೆಯುತ್ತಿದ್ದರಲ್ಲ, ಕರೆಯಲು ಬಂದ ದೆವ್ವ ಅದನ್ನೋದಿ ವಾಪಸ್ ಹೋಗಲೆಂದು? ಅದನ್ನೂ ಹೇಳಿದರು. ಮಗಳು ಹ್ಯಾಲೋವೀನ್ ಸಂಜೆ ಸೀಮೆಸುಣ್ಣ ತಂದು, ಅಜ್ಜಿಯ ಕೈ ಹಿಡಿಸಿಕೊಂಡು, ನಮ್ಮ ಬಾಗಿಲ ಮೇಲೆ ಬರೆದೇಬಿಟ್ಟಳು. ಚಾಕೊಲೇಟಿಗೆ ಬಂದ ಪುಟಾಣಿ ದೆವ್ವಗಳಿಗೆ ಕನ್ನಡ ಬಾರದು, ಹಾಗಾಗಿ ಬುಟ್ಟಿ ಪೂರ್ತಿ ಖಾಲಿಯಾಯಿತು.

ಆಮೇಲೆ ಅವಳಿಗೆ ರಾತ್ರಿ ನಿದ್ದೆ ಹತ್ತದಾಯಿತು. ಶಾಲೆಯಲ್ಲಿ ಉಳಿದ ಮಕ್ಕಳಿಗೂ ಮೋಹಿನಿ ಕಥೆ ಹೇಳಿ ಅಳಿಸಿದಳು, ಟೀಚರ್ ನನ್ನನ್ನು ಕರೆಸಿದರು. ‘ಅತ್ತೆ, ಈ ದೆವ್ವದ ಕಥೆ ಸಾಕು ಮಾಡಿ’ ಅಂದೆ. ಅವರು ಎರಡು ದಿನ ನನ್ನ ಹತ್ತಿರ ಮಾತಾಡಲಿಲ್ಲ. ಇವತ್ತಿಗೂ ನಾನು ಹೇಳಿದ್ದು ತಪ್ಪು ಅನ್ನಿಸುವುದಿಲ್ಲ. ಅತ್ತೆ ಊರಿಗೆ ಹೋದ ಮೇಲೆ ನಡುರಾತ್ರಿ ಎದ್ದು ಕೂರುವ ಮಗುವನ್ನು ತಟ್ಟಿ ಮಲಗಿಸಬೇಕಾದವಳು ನಾನು ತಾನೆ?

ಸಿನಿಮಾದ ಊರನ್ನು ಚಿತ್ರೀಕರಿಸಿದ್ದೂ ಒರೆಗಾನ್‌ನಲ್ಲೇ. ಕೊಲಂಬಿಯಾ ನದಿ ದಂಡೆಯ ಸೇಂಟ್ ಹೆಲೆನ್ಸ್. ಪ್ರತಿ ಅಕ್ಟೋಬರ್‌ನಲ್ಲಿ ಆ ಊರು ಹ್ಯಾಲೋವೀನ್‌ಟೌನ್ ಆಗಿಬಿಡುತ್ತದೆ, ಹಳೆಯ ಕೋರ್ಟ್‌ಹೌಸ್ ಮುಂದೆ ದೈತ್ಯ ಕುಂಬಳಕಾಯಿ ಕೂರುತ್ತದೆ. ಹಿಲ್ಸ್‌ಬರೋದಿಂದ ಕಾರ್ನೀಲಿಯಸ್ ಪಾಸ್ ರಸ್ತೆ ಇಳಿದು ಹೈವೇ 30 ಸೇರಿದರೆ ಆಯಿತು, ಶನಿವಾರ ಮಾತ್ರ ಹೋಗಬೇಡಿ, ಕಾರು ನಿಲ್ಲಿಸಲು ಜಾಗವಿರುವುದಿಲ್ಲ. 1998ರಲ್ಲಿ ಮಕ್ಕಳಾಗಿದ್ದವರು ಈಗ ತಮ್ಮ ಮಕ್ಕಳನ್ನು ಹೆಗಲ ಮೇಲೆ ಕೂರಿಸಿಕೊಂಡು ಅಲ್ಲಿ ಫೋಟೊ ತೆಗೆಸಿಕೊಳ್ಳುತ್ತಾರೆ. ಮಾರ್ನಿ ವೇಷದವರನ್ನು ಕಂಡೆ, ಅಜ್ಜಿಯ ವೇಷದವರನ್ನು ಕಂಡೆ, ಬೆನ್ನಿಯನ್ನೂ ಕಂಡೆ. ಗ್ವೆನ್ ವೇಷ ಒಬ್ಬರೂ ಹಾಕಿರಲಿಲ್ಲ. ಹಾಕುವುದಾದರೂ ಏನನ್ನು? ಅವಳು ಉಡುವುದು ಆ ಫೋಟೊ ತೆಗೆಯುತ್ತಿದ್ದ ಅಮ್ಮಂದಿರು ತೊಟ್ಟಂಥದೇ ಬಟ್ಟೆ.

ಹಳೆಯದನ್ನು ಮತ್ತೆ ನೋಡುವವರು ಬಯಸುವುದು ಹಳೆಯ ಸುಖವನ್ನೇ ಎಂದು ಟಿವಿಯವರೂ ನಂಬಿದ್ದಾರೆ. 2006ರ ನಾಲ್ಕನೇ ಭಾಗದಲ್ಲಿ ಕಿಂಬರ್ಲಿ ಬ್ರೌನ್ ಬದಲು ಬೇರೆ ಹುಡುಗಿಯನ್ನು ಮಾರ್ನಿ ಮಾಡಿದ್ದಕ್ಕೆ ಅಭಿಮಾನಿಗಳು ಇನ್ನೂ ಮುನಿಸಿಕೊಂಡಿದ್ದಾರೆ. ಮುಖ ಬದಲಾದರೆ ನೋವಾಗುತ್ತದೆ ನಿಜ. ಆದರೆ ನೋಡುವವರ ವಯಸ್ಸು ಬದಲಾದಾಗ ಸಿನಿಮಾದ ನ್ಯಾಯವೂ ಬದಲಾಗಬೇಡವೆ?

ಬದಲಾಗಲೇಬೇಕಿಲ್ಲ ಎನ್ನುತ್ತಾಳೆ ಮಗಳು. ‘ಅಮ್ಮ, ಗ್ವೆನ್ ಹೆದರಿದ್ದು ತಪ್ಪಲ್ಲ. ಮಗಳು ಯಾರು ಅನ್ನೋದನ್ನ ಹದಿಮೂರು ವರ್ಷ ಮಗಳಿಗೇ ಹೇಳಲಿಲ್ಲವಲ್ಲ, ಅದಕ್ಕೇನು ಹೇಳ್ತೀಯ?’ ಬಿಗಿಯಾದ ಪ್ರಶ್ನೆ. ಎಂಟನೇ ವಯಸ್ಸಿಗೇ ಹೇಳಿದ್ದರೆ ಆ ಹುಡುಗಿ ಮರುದಿನವೇ ಪೊರಕೆ ಏರಿ ಶಾಲೆಗೆ ಹೊರಡುತ್ತಿದ್ದಳು, ಟೀಚರ್ ಗ್ವೆನ್‌ಳನ್ನು ಕರೆಸುತ್ತಿದ್ದರು ಎಂದೆ. ಅವಳು ಒಪ್ಪಲಿಲ್ಲ. ಎರಡನೇ ಭಾಗ ಹಾಕಿದಳು.