ನರ್ಸ್ ಸಂಬಳ ಯಾರ ಖಜಾನೆಯಿಂದ?

2025ರ ಜನವರಿ 20ರಂದು, ಅಧಿಕಾರ ವಹಿಸಿಕೊಂಡ ದಿನವೇ, ಅಮೆರಿಕದ ಅಧ್ಯಕ್ಷ ಡೊನಾಲ್ಡ್ ಟ್ರಂಪ್ ವಿದೇಶಿ ನೆರವನ್ನು 90 ದಿನ ತಡೆಹಿಡಿಯುವ ಆದೇಶಕ್ಕೆ ಸಹಿ ಹಾಕಿದರು. ಕೆಲವೇ ದಿನಗಳಲ್ಲಿ ಆಫ್ರಿಕಾದ ಹಲವು ದೇಶಗಳ ಎಚ್‌ಐವಿ ಚಿಕಿತ್ಸಾ ಕೇಂದ್ರಗಳಿಗೆ ಬೀಗ ಬಿತ್ತು. ಎಷ್ಟೋ ಕಡೆ ಗೋದಾಮಿನಲ್ಲಿ ಮಾತ್ರೆ ಇತ್ತು. ಅದನ್ನು ಹಳ್ಳಿಗೆ ಸಾಗಿಸುವವರು, ರೋಗಿಯ ಕಾರ್ಡ್ ತೆಗೆದು ಬರೆಯುವವರು, ಪಕ್ಕದಲ್ಲಿ ಕೂರಿಸಿಕೊಂಡು ಧೈರ್ಯ ಹೇಳುವ ಆಪ್ತಸಮಾಲೋಚಕರು ಮಾತ್ರ ಇರಲಿಲ್ಲ. ಅವರ ಸಂಬಳ ಬರುತ್ತಿದ್ದುದು ವಾಷಿಂಗ್ಟನ್ನಿನಿಂದ.

ಒಂದು ದೇಶದ ಆಸ್ಪತ್ರೆ ಇನ್ನೊಂದು ದೇಶದ ಹಣದಲ್ಲಿ ನಡೆಯುವ ಸ್ಥಿತಿ ಬರುವುದಾದರೂ ಹೇಗೆ? ಇದಕ್ಕೆ ಮಲಾವಿಯ ಕಥೆ ನೋಡಬೇಕು.

ಆಗ್ನೇಯ ಆಫ್ರಿಕಾದ ಈ ಪುಟ್ಟ ಬಡ ದೇಶ ಈ ಶತಮಾನದ ಆರಂಭದಲ್ಲಿ ಏಡ್ಸ್‌ನಿಂದ ನಲುಗಿತ್ತು. ಅದೇ ಹೊತ್ತಿಗೆ ಅಲ್ಲಿನ ನರ್ಸ್‌ಗಳು ಹೆಚ್ಚು ಸಂಬಳ ಹುಡುಕಿಕೊಂಡು ಬ್ರಿಟನ್ನಿಗೆ ಹೋಗುತ್ತಿದ್ದರು. 2004ರಲ್ಲಿ ಬ್ರಿಟನ್ ಮತ್ತಿತರರ ನೆರವಿನಿಂದ ವೈದ್ಯರು, ನರ್ಸ್‌ಗಳು ಸೇರಿ ಹನ್ನೊಂದು ಬಗೆಯ ಸಿಬ್ಬಂದಿಯ ಸಂಬಳವನ್ನು ಶೇ 52ರಷ್ಟು ಹೆಚ್ಚಿಸಲಾಯಿತು, ತರಬೇತಿ ಶಾಲೆಗಳನ್ನು ವಿಸ್ತರಿಸಲಾಯಿತು. ಫಲ ಕಣ್ಣೆದುರೇ ಸಿಕ್ಕಿತು. 5,453 ಇದ್ದ ಸಿಬ್ಬಂದಿ 2009ರ ವೇಳೆಗೆ 8,369ಕ್ಕೆ ಏರಿದರು. 2011ರಲ್ಲಿ, ಎಚ್‌ಐವಿ ಇರುವ ಪ್ರತಿ ಗರ್ಭಿಣಿಗೂ ಬೇರಾವ ಪರೀಕ್ಷೆಯ ಫಲಿತಾಂಶಕ್ಕೂ ಕಾಯದೆ ಜೀವನಪೂರ್ತಿ ಔಷಧ ಕೊಡುವ ಪದ್ಧತಿಯನ್ನು ಆರಂಭಿಸಿದ್ದೂ ಇದೇ ಮಲಾವಿ. ಮುಂದೆ ಜಗತ್ತೇ ಅದನ್ನು ಅನುಸರಿಸಿತು. ವಿದೇಶಿ ನೆರವೆಂದರೆ ಬರೀ ದಂಡ ಎನ್ನುವವರಿಗೆ ಈ ದೇಶವೇ ಉತ್ತರ.

2013ರಲ್ಲಿ ಕಥೆ ತಿರುಗಿತು. ಸರ್ಕಾರದ ಖಜಾನೆಯನ್ನು ಅಧಿಕಾರಿಗಳೇ ದೋಚಿದ್ದು ಬಯಲಾಯಿತು. 'ಕ್ಯಾಶ್‌ಗೇಟ್' ಎಂದು ಕುಖ್ಯಾತವಾದ ಹಗರಣ ಅದು. ಸರ್ಕಾರದ ಬಜೆಟ್ಟಿಗೆ ನೇರವಾಗಿ ಹಣ ಕೊಡುವುದನ್ನು ದಾನಿ ದೇಶಗಳು ನಿಲ್ಲಿಸಿದವು. ತಮ್ಮ ತೆರಿಗೆದಾರರ ದುಡ್ಡು ಕಳ್ಳರ ಪಾಲಾಗುವುದನ್ನು ಯಾರು ತಾನೆ ಒಪ್ಪುತ್ತಾರೆ? ಆದರೆ ರೋಗಿಗಳನ್ನು ಕೈಬಿಡುವಂತೆಯೂ ಇರಲಿಲ್ಲ. ಹಾಗಾಗಿ ಹಣ ಹೆಚ್ಚಾಗಿ ಸರ್ಕಾರದ ಕೈಗೆ ಹೋಗದೆ, ಸರ್ಕಾರೇತರ ಸಂಸ್ಥೆಗಳ ಮೂಲಕ ಹರಿಯತೊಡಗಿತು. ಹೀಗೆ ಹರಿಯುವ ಹಣ ಆಸ್ಪತ್ರೆಯ ಒಂದೇ ಕಟ್ಟಡದಲ್ಲಿ ಎರಡು ಮನೆ ಮಾಡಿಬಿಡುತ್ತದೆ. ಒಂದು ಕೋಣೆಯಲ್ಲಿ ಎಚ್‌ಐವಿಗೆ ಕಂಪ್ಯೂಟರ್, ಪ್ರತ್ಯೇಕ ನೌಕರ, ಪ್ರತ್ಯೇಕ ಲೆಕ್ಕ. ಪಕ್ಕದ ಹೆರಿಗೆ ವಾರ್ಡಿನಲ್ಲಿ ಕೈಗವಸಿಗೂ ತತ್ವಾರ. ಮೊದಲ ಕೋಣೆಯ ಹಣ ನಿಂತ ದಿನ ಅಲ್ಲಿನ ಕೆಲಸ ಕಲಿತವರು ಎರಡನೆಯ ಕೋಣೆಯಲ್ಲಿ ಯಾರೂ ಇರುವುದಿಲ್ಲ.

ಇನ್ನೊಂದು ತೊಡಕು ಕಣ್ಣಿಗೆ ಬೀಳದಂಥದ್ದು. ಹೊರಗಿನಿಂದ ಹಣ ಬಂದರೆ ಸ್ವಂತ ಹಣ ಬೇರೆ ಕಡೆ ಸರಿದುಬಿಡುತ್ತದೆ. ಸರ್ಕಾರಗಳಿಗೆ ಆರೋಗ್ಯಕ್ಕೆಂದು ಬಂದ ಪ್ರತಿ ಒಂದು ಡಾಲರ್ ನೆರವಿಗೆ ಆ ಸರ್ಕಾರಗಳು ಆರೋಗ್ಯಕ್ಕಿಡುವ ತಮ್ಮದೇ ಹಣದಲ್ಲಿ 43 ಸೆಂಟ್‌ನಿಂದ 1.14 ಡಾಲರ್‌ವರೆಗೆ ಇಳಿಕೆಯಾಗಿದೆ ಎಂದು 2010ರಲ್ಲಿ 'ಲ್ಯಾನ್ಸೆಟ್' ಪತ್ರಿಕೆಯಲ್ಲಿ ಬಂದ ಅಧ್ಯಯನ ಲೆಕ್ಕ ಹಾಕಿತ್ತು. 2001ರಲ್ಲಿ ನೈಜೀರಿಯಾದ ಅಬುಜಾದಲ್ಲಿ ಸೇರಿದ ಆಫ್ರಿಕಾದ ನಾಯಕರು ಬಜೆಟ್ಟಿನ ಶೇ 15ರಷ್ಟನ್ನು ಆರೋಗ್ಯಕ್ಕೆ ಕೊಡುವುದಾಗಿ ಮಾತು ಕೊಟ್ಟಿದ್ದರು. ಆ ಮಾತು ಉಳಿಸಿಕೊಂಡ ದೇಶಗಳು ಬೆರಳೆಣಿಕೆಯವು. ಎಲ್ಲ ತಪ್ಪನ್ನೂ ಅವರ ತಲೆಗೇ ಕಟ್ಟುವುದೂ ನ್ಯಾಯವಲ್ಲ. ಶಿಕ್ಷಣಕ್ಕಿಂತ ಅಥವಾ ಆರೋಗ್ಯಕ್ಕಿಂತ ಸಾಲದ ಬಡ್ಡಿಗೇ ಹೆಚ್ಚು ತೆರುವ ದೇಶಗಳಲ್ಲಿ 330 ಕೋಟಿ ಜನ ಬದುಕುತ್ತಿದ್ದಾರೆ ಎಂದು ವಿಶ್ವಸಂಸ್ಥೆ 2023ರಲ್ಲೇ ಹೇಳಿತ್ತು.

ಹಾಗಾದರೆ ಈ ಅವಲಂಬನೆಯಿಂದ ಬಿಡಿಸಿಕೊಳ್ಳುವ ದಾರಿ? ನಮ್ಮಲ್ಲೇ ಒಂದು ಉದಾಹರಣೆ ಇದೆ. ಬಿಲ್ ಗೇಟ್ಸ್ ಪ್ರತಿಷ್ಠಾನ 2003ರಲ್ಲಿ ಕರ್ನಾಟಕವೂ ಸೇರಿದಂತೆ ಆರು ರಾಜ್ಯಗಳಲ್ಲಿ 'ಆವಾಹನ್' ಎಂಬ ಎಚ್‌ಐವಿ ತಡೆ ಯೋಜನೆ ಆರಂಭಿಸಿತು. ಲೈಂಗಿಕ ವೃತ್ತಿಯ ಹೆಣ್ಣುಮಕ್ಕಳೇ ತಮ್ಮ ಜೊತೆಯವರನ್ನು ಹುಡುಕಿಕೊಂಡು ಹೋಗುತ್ತಿದ್ದರು. ಓದು ಬರಹ ಬಾರದವರ ಕೈಯಲ್ಲಿ ಚಿತ್ರಗಳಿರುವ ಕಾರ್ಡು. ಯಾರಿಗೆ ಕಾಂಡೋಮ್ ತಲುಪಿತು, ಯಾರು ಕ್ಲಿನಿಕ್ಕಿಗೆ ಬರಬೇಕು ಎಂಬುದೆಲ್ಲ ಅದರಲ್ಲಿ ಗುರುತಾಗುತ್ತಿತ್ತು. ಮೈಸೂರಿನ ಆಶೋದಯ ಸಮಿತಿಯಂಥ ಸಂಘಟನೆಗಳು ಈ ಅವಧಿಯಲ್ಲೇ ಬೆಳೆದವು. ಕೊಡುವವರು ಮುಂದೊಂದು ದಿನ ಹೊರಡುತ್ತಾರೆಂಬುದು ಮೊದಲೇ ಗೊತ್ತಿತ್ತು. 2009, 2011, 2012 ಹೀಗೆ ಮೂರು ಕಂತುಗಳಲ್ಲಿ, ಮೊದಲು ಹತ್ತನೇ ಒಂದು ಭಾಗವನ್ನು ಕೊಟ್ಟು ನೋಡಿ, ಯೋಜನೆಯನ್ನು ಸರ್ಕಾರಕ್ಕೆ ವಹಿಸಲಾಯಿತು. ಎಲ್ಲವೂ ನೀರು ಕುಡಿದಷ್ಟು ಸಲೀಸಾಗಿರಲಿಲ್ಲ. ಸರ್ಕಾರಿ ಹಣ ತಡವಾಗಿ ಕೈಸೇರುವ ಕಷ್ಟವನ್ನು ಸಂಘಟನೆಗಳು ಉಂಡಿವೆ. ಆದರೂ ಕೆಲಸ ಉಳಿಯಿತು. 1992ರಲ್ಲಿ ವಿಶ್ವಬ್ಯಾಂಕಿನ ಸಾಲದಿಂದ ಶುರುವಾದ ರಾಷ್ಟ್ರೀಯ ಏಡ್ಸ್ ನಿಯಂತ್ರಣ ಕಾರ್ಯಕ್ರಮದ ಐದನೇ ಹಂತಕ್ಕೆ, 2021ರಿಂದ 2026ರವರೆಗೆ, ಕೇಂದ್ರ ಸರ್ಕಾರವೇ ₹15,471 ಕೋಟಿ ಗೊತ್ತುಮಾಡಿತು.

ಭಾರತದಷ್ಟು ತೆರಿಗೆ ಎತ್ತುವ ಶಕ್ತಿ ಮಲಾವಿಗೆ ಇಲ್ಲ, ನಿಜ. ಆದರೆ ಯಾವುದನ್ನು ಮೊದಲು ಸ್ವಂತ ಹಣದಲ್ಲಿ ಮಾಡಬೇಕೆಂದು ಆರಿಸಿಕೊಳ್ಳಲು ಸಾಧ್ಯ. ಎಚ್‌ಐವಿ ಮಾತ್ರೆ ಈಗ ದುಬಾರಿಯಲ್ಲ. ಒಬ್ಬರಿಗೆ ಒಂದು ವರ್ಷಕ್ಕೆ ಬೇಕಾಗುವಷ್ಟನ್ನು 45 ಡಾಲರಿಗೂ ಕಡಿಮೆ ಬೆಲೆಗೆ ಕೊಳ್ಳುತ್ತಿರುವುದಾಗಿ 2023ರಲ್ಲೇ ಅಂತರರಾಷ್ಟ್ರೀಯ ನೆರವು ಸಂಸ್ಥೆ ಗ್ಲೋಬಲ್ ಫಂಡ್ ಹೇಳಿತ್ತು, ಅದರಲ್ಲಿ ಬಹುಪಾಲು ತಯಾರಾಗುವುದು ಭಾರತದ ಕಾರ್ಖಾನೆಗಳಲ್ಲಿ. ಮಾತ್ರೆಯನ್ನು ಯಾರಾದರೂ ಕೊಡಬಹುದು, ಗೋದಾಮಿನಲ್ಲಿಟ್ಟು ಆರು ತಿಂಗಳು ತಳ್ಳಬಹುದು. ನರ್ಸ್ ಸಂಬಳವನ್ನು ಹಾಗೆ ಕೂಡಿಡಲಾಗದು, ತಿಂಗಳು ತಪ್ಪಿದರೆ ಆಕೆ ಹೊರಟುಬಿಡುತ್ತಾಳೆ.

ಕೆಲವು ದೇಶಗಳು ಎಚ್ಚೆತ್ತಿವೆ. ಅಮೆರಿಕದ ಆದೇಶದ ಬೆನ್ನಿಗೇ ನೈಜೀರಿಯಾದ ಸಂಸತ್ತು ಆರೋಗ್ಯಕ್ಕೆ ಹೆಚ್ಚುವರಿಯಾಗಿ 20 ಕೋಟಿ ಡಾಲರ್ ಕೊಟ್ಟಿತು. ಆರೋಗ್ಯ ವಿಮೆಗೆಂದೇ ಸಂಗ್ರಹಿಸುವ ತೆರಿಗೆಯ ಒಂದು ಪಾಲು ಬೇರೆಡೆ ಹೋಗುವುದನ್ನು ಘಾನಾ 2025ರ ಬಜೆಟ್ಟಿನಲ್ಲಿ ತಡೆಯಿತು. ಉಳಿದ ಸರ್ಕಾರಗಳೂ ಇಲ್ಲಿಂದಲೇ ಶುರುಮಾಡಲಿ: ಔಷಧಕ್ಕೆ ನೆರವು ಪಡೆಯಲಿ, ಲಸಿಕೆಗೂ ಪಡೆಯಲಿ, ನರ್ಸ್ ಸಂಬಳವನ್ನು ಮಾತ್ರ ತಮ್ಮ ಖಜಾನೆಯಿಂದಲೇ ಕೊಡಲಿ. ಕೊಡುವ ದೇಶಗಳೂ ಹೊರಡುವ ತಾರೀಖನ್ನು ಬಂದ ದಿನವೇ ಬರೆದಿಡಲಿ.