ನರೆತ ತಲೆಯ ಮೇಲಿನ ಕೊಡ

ಸವದತ್ತಿಯ ಎಲ್ಲಮ್ಮನ ಗುಡ್ಡದಲ್ಲಿ ಚೌಡಿಕೆಯ ನುಡಿತಕ್ಕೆ, ತಲೆಯ ಮೇಲಣ ಕೊಡವನ್ನು ಕೈಯಿಂದ ಹಿಡಿಯದೆಯೇ ಕುಣಿಯುವ ಜೋಗತಿಯರಲ್ಲಿ ನರೆತ ತಲೆಯವರೂ ಉಂಟೆಂಬುದನ್ನು ವಾಚಕರು ಬಲ್ಲರು. ಮುಪ್ಪು ಕಾಲಿನ ವೇಗವನ್ನು ಕುಗ್ಗಿಸೀತು. ಕತ್ತಿನ ಸಮತೂಕವನ್ನೂ ತಾಳಜ್ಞಾನವನ್ನೂ ಅಭ್ಯಾಸವು ಕಾಯುವುದು. ಕಾಳವ್ವ ಜೋಗತಿಯವರ ಶಿಷ್ಯೆ ಮಂಜಮ್ಮ ಜೋಗತಿಯವರು ಗಂಡಾಗಿ ಹುಟ್ಟಿ, ಹೆಣ್ಣಾಗಿ ಬಾಳಿ, ಭಿಕ್ಷೆಯ ದಿನಗಳನ್ನೂ ಕಂಡವರು. ನಡುವಯಸ್ಸು ದಾಟಿದ ಮೇಲೂ ಕುಣಿತವನ್ನು ಬಿಡದ ಅವರು 2019ರಲ್ಲಿ ಕರ್ನಾಟಕ ಜಾನಪದ ಅಕಾಡೆಮಿಯ ಅಧ್ಯಕ್ಷರಾದರು. 2021ರಲ್ಲಿ ಪದ್ಮಶ್ರೀಯನ್ನು ಪಡೆದರು.

ಹೆಣ್ಣುಮಕ್ಕಳನ್ನು ದೇವರಿಗೆ ಬಿಡುವ ಪದ್ಧತಿಯನ್ನು 1982ರ ಕಾನೂನು ನಿಷೇಧಿಸಿತು. ಅದು ಯುಕ್ತವೇ ಸರಿ. ಕಲೆಯನ್ನು ಉಳಿಸುವ ನೆಪದಿಂದ ಆ ಕಟ್ಟು ಮರಳಬಾರದು. ಒಲಿದವರು ಒಲವಿನಿಂದ ಕಲಿಯಲಿ. ಬಲ್ಲ ಮುದುಕಿಯರು ಇರುವಾಗಲೇ ಕಲಿಯಲಿ. ಬಾಗಿಲಿಗೆ ಬಂದ ಮುದಿ ಜೋಗತಿಗೆ ಹಿಡಿ ಜೋಳದೊಡನೆ ಕುಳಿತುಕೊಳ್ಳಲು ಮಣೆಯನ್ನೂ ನೀಡುವುದು ಗೃಹಸ್ಥರಿಗೆ ಭೂಷಣವೆಂದು ನಾವು ಭಾವಿಸುವೆವು.